ಅನ್ನ ಹೊರುವ ಚಿಕ್ಕ ಗಾಡಿಗಳು

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಕುಮಾರವ್ಯಾಸನು ಭಾರತವನ್ನು ಕನ್ನಡದಲ್ಲಿ ಹಾಡಿದನೆಂಬುದು ನಮ್ಮ ಸೀಮೆಯ ಜನರ ನಂಬಿಕೆ. ಆ ಕಾವ್ಯದಲ್ಲಿ ರಥಗಳಿಗೆ ಕೊರತೆಯಿಲ್ಲ. ಆದರೆ ಆದಿಪರ್ವದಲ್ಲಿ ಬರುವ ಒಂದು ಗಾಡಿ ಯುದ್ಧದ್ದಲ್ಲ. ಅದು ಅನ್ನದ ಬಂಡಿ. ಏಕಚಕ್ರಪುರದ ಬಡ ಬ್ರಾಹ್ಮಣನ ಸರದಿ ಬಂದಾಗ, ಅವನ ಬದಲಿಗೆ ಭೀಮಸೇನನು ಆ ಬಂಡಿಯನ್ನು ಬಕಾಸುರನ ಕಡೆಗೆ ಹೊಡೆದುಕೊಂಡು ಹೋಗುತ್ತಾನೆ. ಹೋಗಿ, ಅಸುರನಿಗೆಂದು ತಂದ ಅನ್ನವನ್ನು ತಾನೇ ಉಣ್ಣತೊಡಗುತ್ತಾನೆ. ಮೂರು ದಶಕಗಳ ಕಾಲ ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದ್ದೇನೆ. ಹುಡುಗರು ಪ್ರತಿ ವರ್ಷವೂ ನಗುತ್ತಿದ್ದರು, ಅವರೊಡನೆ ನಾನೂ ನಗುತ್ತಿದ್ದೆ. ನಿವೃತ್ತನಾಗಿ, ಕೈಚೀಲ ಹಿಡಿದು ದಿನವೂ ಪೇಟೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ, ಆ ಬಂಡಿಯ ವಿಷಯದಲ್ಲಿ ನಗುವಂಥದ್ದಲ್ಲದ ಸಂಗತಿಯೊಂದು ಮನಸ್ಸಿಗೆ ಬಂತು. ಭೀಮನಿಗಿಂತ ಮೊದಲು ಆ ಬಂಡಿಯನ್ನು ಹೊಡೆದುಕೊಂಡು ಹೋದವರು ಯಾರೂ ಹಿಂದಿರುಗಲಿಲ್ಲ. ಅನ್ನವನ್ನು ಒಯ್ದವನೂ ಅನ್ನದೊಂದಿಗೇ ತೀರಿಹೋಗುತ್ತಿದ್ದನು.

ಶ್ರೋತೃಬಂಧುಗಳೇ, ಇಂದಿನ ನನ್ನ ಮಾತು ಅನ್ನವನ್ನು ಒಯ್ಯುವವರನ್ನೂ ಅವರ ಗಾಡಿಗಳನ್ನೂ ಕುರಿತದ್ದು. ದೊಡ್ಡ ಗಾಡಿಗಳ ಮಾತನ್ನು ನಾನು ಆಡುವುದಿಲ್ಲ. ಲಾರಿ, ರೈಲುಗಳ ಹಿರಿಮೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಗದಗಕ್ಕೆ ರೈಲು ಬಂತು. ಹತ್ತಿ, ಶೇಂಗಾ, ಕಾಳುಕಡಿಗಳ ವ್ಯಾಪಾರ ಬೆಳೆಯಿತು. ಇಂದು ಆಲೂಗಡ್ಡೆಯೋ ಅಕ್ಕಿಯೋ ನೂರಾರು ಮೈಲಿಗಳಾಚೆಯಿಂದ ಬಂದು ನಮ್ಮ ಮಾರುಕಟ್ಟೆಯ ಪ್ರಾಂಗಣದಲ್ಲಿ ಇಳಿಯುತ್ತದೆ. ಆದರೆ ಅಲ್ಲಿಗೆ ಪ್ರಯಾಣ ಮುಗಿಯಲಿಲ್ಲ. ಮಾರುಕಟ್ಟೆಯಿಂದ ಬೆಟಗೇರಿಯ ನೇಕಾರರ ಓಣಿಯ ಮನೆಯ ಹೊಸ್ತಿಲಿಗೆ ಇನ್ನೆರಡು ಮೈಲಿ ದಾರಿಯಿದೆ. ಈ ಎರಡು ಮೈಲಿ ಲಾರಿಯದಲ್ಲ. ಅಗಲ ಕಿರಿದಾದ ಓಣಿ, ಅಲ್ಲೊಂದು ತಿರುವು, ಇಲ್ಲೊಂದು ಕಟ್ಟೆ, ನಡುವೆ ಮಲಗಿದ ದನ. ಒಬ್ಬರಿಗೆ ಬೇಕಾದುದು ಕಾಲು ಕಿಲೋ ಬದನೆ, ಇನ್ನೊಬ್ಬರಿಗೆ ಅರ್ಧ ಲೀಟರ್ ಹಾಲು. ತೂಕವೊಂದಕ್ಕೆ ಲೆಕ್ಕ ಹಾಕಿದರೆ ನೂರಾರು ಮೈಲಿಯ ಸಾಗಣೆಗಿಂತ ಈ ಎರಡು ಮೈಲಿಯ ದುಡಿಮೆಯೇ ಹೆಚ್ಚಿನದು. ಈ ದುಡಿಮೆಯನ್ನು ಮಾಡುತ್ತ ಬಂದಿರುವುದು ಚಿಕ್ಕ ಗಾಡಿಗಳು. ಗಾಡಿಗಿಂತ ಮೊದಲು ಮನುಷ್ಯನ ತಲೆ.

ತಲೆಯಿಂದಲೇ ಆರಂಭಿಸೋಣ. ನಮ್ಮ ಸೀಮೆಯಲ್ಲಿ ಸಿಂಬಿಯ ಮೇಲೆ ಗಡಿಗೆಯಿಟ್ಟು ಹಳ್ಳಿಯಿಂದ ಪೇಟೆಗೆ ಮೊಸರು ತರುತ್ತಿದ್ದ ಹೆಣ್ಣುಮಕ್ಕಳನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದಾರೆ. ಇಪ್ಪತ್ತು, ಇಪ್ಪತ್ತೈದು ಕಿಲೋ ಭಾರ. ನಾಲ್ಕೈದು ಮೈಲಿ ನಡಿಗೆ. ಈ ಹೊರೆಯಲ್ಲಿ ಒಂದು ಸೂಕ್ಷ್ಮವಿತ್ತು. ನಡೆಯುವವಳ ಕುತ್ತಿಗೆ, ಸೊಂಟ, ಮೊಣಕಾಲುಗಳು ನೆಲದ ಏರುಪೇರನ್ನೆಲ್ಲ ತಾವೇ ನುಂಗಿಕೊಳ್ಳುತ್ತಿದ್ದುದರಿಂದ ಗಡಿಗೆಯೊಳಗಿನ ಕೆನೆ ಒಡೆಯುತ್ತಿರಲಿಲ್ಲ. ಅದೇ ಗಡಿಗೆಯನ್ನು ಕಬ್ಬಿಣದ ಪಟ್ಟಿಯ ಚಕ್ಕಡಿಯಲ್ಲಿಟ್ಟರೆ ಪೇಟೆ ತಲುಪುವಷ್ಟರಲ್ಲಿ ಅರ್ಧ ಮಜ್ಜಿಗೆಯಾಗಿರುತ್ತಿತ್ತು. ಆದರೆ ಆ ಸೊಗಸಿನ ಬೆಲೆಯನ್ನು ಕೊಟ್ಟವರಾರು? ಅದೇ ಕುತ್ತಿಗೆ, ಅದೇ ಸೊಂಟ. ನಲವತ್ತಕ್ಕೇ ಮುದುಕಿಯಾಗುವ ಹೆಣ್ಣಿನ ನಡುನೋವಿನಲ್ಲಿ ಪೇಟೆಯವರ ಮೊಸರಿನ ಲೆಕ್ಕ ಬರೆದಿತ್ತು. ಆದ್ದರಿಂದ ಚಕ್ರ ಬಂದುದು ಒಳ್ಳೆಯದೇ ಆಯಿತು. ಹಳೆಯದೆಲ್ಲ ಚೆನ್ನವೆಂಬ ಮಾತನ್ನು ಈ ವಿಷಯದಲ್ಲಿ ನಾನು ಒಪ್ಪಲಾರೆ.

ಚಕ್ಕಡಿಯ ದೊಡ್ಡ ಗಾಲಿ ನಮ್ಮ ನೆಲಕ್ಕೆ ತಕ್ಕಂತೆ ಹುಟ್ಟಿದ್ದು. ಮುಂಡರಗಿಯ ಕಡೆಯ ಎರೆ ಹೊಲಗಳಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಆ ಮಣ್ಣಿನ ಅಂಟು ಗೊತ್ತು. ನಾಲ್ಕು ಹೆಜ್ಜೆಗೆ ಕಾಲಿಗೊಂದು ಕಿಲೋ ಮಣ್ಣು. ಗಾಲಿ ದೊಡ್ಡದಾದಷ್ಟೂ ಗುಂಡಿಯನ್ನು ಸುಲಭವಾಗಿ ದಾಟುತ್ತದೆ. ಟಯರಿನ ಗಾಡಿ ಬಂದ ಮೇಲೆ, ಡಾಂಬರಿನ ರಸ್ತೆಯ ಮೇಲೆ ಅದೇ ಜೋಡೆತ್ತು ಮೊದಲಿಗಿಂತ ಬಹಳ ಹೆಚ್ಚು ಭಾರ ಎಳೆಯತೊಡಗಿತು. ಎತ್ತಿನ ಗಾಡಿಯನ್ನು ಸುಧಾರಿಸಬೇಕೆಂದು ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎಪ್ಪತ್ತರ ದಶಕದಲ್ಲಿ ದೇಶವೆಲ್ಲ ತಿರುಗಿ ಹೇಳಿದರು. ಅಂಥ ಸಂಸ್ಥೆಯ ದೊಡ್ಡವರು ಎತ್ತಿನ ಕುತ್ತಿಗೆಯ ಬಾವಿನ ಮಾತಾಡುವುದೇನೆಂದು ಆಗ ನಕ್ಕವರೂ ಇದ್ದರು. ಅವರ ಮಾತು ಮಾತ್ರ ಸರಳವಾಗಿತ್ತು: ದೇಶ ನಿಜವಾಗಿ ಯಾವ ಗಾಡಿಯ ಮೇಲೆ ನಡೆಯುತ್ತಿದೆಯೋ ಆ ಗಾಡಿಗೆ ವಿದ್ಯೆಯ ಗಮನ ಸಲ್ಲಬೇಕು. ಚಕ್ಕಡಿಯ ಬಗೆಗೆ ಅವರು ಹೇಳಿದ ಈ ಮಾತು ಇಂದು ತಳ್ಳುಗಾಡಿಗೂ ಸಲ್ಲುತ್ತದೆ.

ಚಕ್ಕಡಿ ಹೊಲದಿಂದ ಪೇಟೆಯವರೆಗೆ ಬಂತು. ಮನೆಬಾಗಿಲಿಗೆ ಬಂದುದು ಸೈಕಲ್ಲು. ಅದರ ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಲೀಟರಿನ ಕ್ಯಾನು ಕಟ್ಟಿಕೊಂಡು ಹಾಲಿನವನು ಬರುತ್ತಿದ್ದ. ಹಾಲಿಗೆ ಆತುರವಿದೆ, ನಮ್ಮ ಬೇಸಗೆಯಲ್ಲಿ ಕಾಸದ ಹಾಲು ಮೂರು ನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಯದು. ತಲೆಯ ಮೇಲೆ ಹೊತ್ತು ನಡೆದರೆ ಗಂಟೆಗೆ ಮೂರು ಮೈಲಿ. ಸೈಕಲ್ಲಿನ ಮೇಲೆ ಎಂಟೊಂಬತ್ತು ಮೈಲಿ. ಅದೂ ನಡಿಗೆಗಿಂತ ಕಡಿಮೆ ಆಯಾಸದಿಂದ. ಇವಾನ್ ಇಲಿಚ್ ಎಂಬ ಚಿಂತಕರು 1974ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಪುಸ್ತಕದಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ: ಸೈಕಲ್ಲಿನವನು ಕಾಲ್ನಡಿಗೆಯವನಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ ಹೋಗುತ್ತಾನೆ, ಆದರೆ ಅವನು ವೆಚ್ಚಮಾಡುವ ಶಕ್ತಿ ಐದರಲ್ಲೊಂದು ಪಾಲು. ಇದರಿಂದ ಹಾಲು ಮಾರುವ ಹಳ್ಳಿಗಳ ಸುತ್ತಳತೆಯೇ ಹಿಗ್ಗಿತು. ನಾಲ್ಕು ಮೈಲಿಯ ಹಳ್ಳಿಗಷ್ಟೇ ದೊರೆಯುತ್ತಿದ್ದ ಗದಗದ ಪೇಟೆ ಹತ್ತು ಮೈಲಿಯ ಹಳ್ಳಿಗೂ ದೊರೆಯಿತು. ಒಂದು ಎಮ್ಮೆಯುಳ್ಳ ವಿಧವೆಯ ಮನೆಗೂ ತಿಂಗಳಿಗಿಷ್ಟು ರೊಕ್ಕ ಬರತೊಡಗಿತು.

ತಳ್ಳುಗಾಡಿಯ ರಚನೆಯನ್ನು ನೀವು ಗಮನಿಸಿರಬಹುದು. ಹಲಗೆಯ ಒಂದು ಮಂಚ. ಅದಕ್ಕೆ ನಾಲ್ಕು ಸೈಕಲ್ ಗಾಲಿ. ಇದನ್ನು ಯಾವ ಎಂಜಿನಿಯರನೂ ಬರೆದುಕೊಡಲಿಲ್ಲ. ಊರಿನ ಬಡಿಗನೂ ವೆಲ್ಡಿಂಗಿನವನೂ ಕೂಡಿ ಮಾಡಿದ ವಿದ್ಯೆ ಇದು. ಗಾಲಿ ದೊಡ್ಡದಾದ್ದರಿಂದ ಗಟಾರದ ಕಲ್ಲನ್ನು ದಾಟುತ್ತದೆ. ಪಂಕ್ಚರಾದರೆ ಓಣಿಯ ತುದಿಯಲ್ಲೇ ರಿಪೇರಿ. ಮಂಚದ ಎತ್ತರ ಸರಿಯಾಗಿ ನಿಂತ ಹೆಂಗಸಿನ ಕೈಯ ಮಟ್ಟ. ಬಗ್ಗದೆ ಟೊಮೆಟೋ ಆರಿಸಬಹುದು. ಸಮತಟ್ಟಾದ ರಸ್ತೆಯಲ್ಲಿ ಒಬ್ಬನೇ ನೂರೈವತ್ತು ಕಿಲೋ ಭಾರವನ್ನು ನೂಕಬಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಂತಲ್ಲಿ ಇದು ಅಂಗಡಿಯಾಗುತ್ತದೆ, ನಡೆದರೆ ಗಾಡಿಯಾಗುತ್ತದೆ. ಬಾಡಿಗೆಯ ಅಂಗಡಿ ಹಿಡಿಯಲಾಗದವನಿಗೆ ಇದೇ ಅಂಗಡಿ. ಪೇಟೆಗೆ ನಡೆಯಲಾಗದ ಮುದುಕಿಗೆ ಇದೇ ಪೇಟೆ. ಸಂಜೆಯಾದರೆ ಇದೇ ಮಂಚದ ಮೇಲೆ ಒಲೆ ಏರುತ್ತದೆ. ಗದಗದ ಮಿರ್ಚಿ ಭಜಿ ಪ್ರಯಾಣಕ್ಕೆ ಒಗ್ಗುವ ತಿನಿಸಲ್ಲ. ಕಾಗದದಲ್ಲಿ ಕಟ್ಟಿ ಮನೆಗೆ ತರುವಷ್ಟರಲ್ಲಿ ಅದರ ಗರಿಗರಿ ಹೋಗಿರುತ್ತದೆ. ಆದ್ದರಿಂದ ಅದರ ವಿಷಯದಲ್ಲಿ ಒಲೆಯೇ ಗಾಲಿಯ ಮೇಲೆ ನಿಂತು ತಿನ್ನುವವನ ಹತ್ತಿರಕ್ಕೆ ಬರುತ್ತದೆ.

ಒಂದೊಂದು ಆಹಾರಕ್ಕೆ ಒಂದೊಂದು ಆಯುಷ್ಯವಿದೆ. ಗಾಡಿಯನ್ನು ಗೊತ್ತುಮಾಡುವುದು ಆ ಆಯುಷ್ಯವೇ. ಭಜಿಗೆ ಐದು ನಿಮಿಷ, ಹಾಲಿಗೆ ಮೂರು ಗಂಟೆ, ಮೆಂತ್ಯದ ಸೊಪ್ಪಿಗೆ ಮಧ್ಯಾಹ್ನದ ತನಕ, ಬಿಸಿ ರೊಟ್ಟಿಗೆ ಒಂದು ದಿನ. ಕಟಿ ರೊಟ್ಟಿಗಾದರೋ ತಿಂಗಳ ಆಯುಷ್ಯ. ಅದಕ್ಕಾಗಿಯೇ ನಮ್ಮ ಹೆಣ್ಣುಮಕ್ಕಳು ಬಡಿದ ಕಟಿ ರೊಟ್ಟಿ ಬೆಂಗಳೂರು, ಪುಣೆಗಳ ತನಕ ಪ್ರಯಾಣ ಮಾಡುತ್ತದೆ. ಬಿಸಿ ರೊಟ್ಟಿಯೋ ಖಾನಾವಳಿಯಿಂದ ಸೈಕಲ್ಲೋ ಮೋಟಾರ್ ಸೈಕಲ್ಲೋ ಹೋಗುವಷ್ಟು ದೂರಕ್ಕೇ ಕಟ್ಟುಬಿದ್ದಿದೆ. ಈ ಲೆಕ್ಕ ತಿಳಿಯದೆ ಎಲ್ಲ ಆಹಾರಕ್ಕೂ ಒಂದೇ ಗಾಡಿಯನ್ನು ಹುಡುಕುವವನು ಕೊನೆಗೆ ಬಾಡಿದ ಸೊಪ್ಪನ್ನು ತಿನ್ನಬೇಕಾಗುತ್ತದೆ.

ಒಂದು ಊರಿನಿಂದ ಇನ್ನೊಂದೂರಿಗೆ ಹೋಗುವ ಅನ್ನಕ್ಕೆ ನಮ್ಮ ಸೀಮೆ ಕಂಡುಕೊಂಡ ಉಪಾಯ ಬೇರೆಯೇ ಇದೆ. ಅದು ಬುತ್ತಿ. 1970ರ ದಶಕದ ಕೊನೆಯಲ್ಲಿ ನಾನು ಮುಂಡರಗಿ ತಾಲೂಕಿನ ಹಳ್ಳಿಯಿಂದ ಗದಗಕ್ಕೆ ಕಾಲೇಜು ಕಲಿಯಲು ಬಂದೆ. ಖಾನಾವಳಿಯ ರೊಕ್ಕ ಕೊಡುವ ಶಕ್ತಿ ಮನೆಯಲ್ಲಿರಲಿಲ್ಲ. ನಸುಕಿನಲ್ಲಿ ಅವ್ವ ನಾಲ್ಕು ರೊಟ್ಟಿ ಬಡಿದು, ಪುಂಡಿಪಲ್ಯವೋ ಶೇಂಗಾ ಹಿಂಡಿಯೋ ಇಟ್ಟು, ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊದಲ ಬಸ್ಸಿಗೆ ಕೊಡುತ್ತಿದ್ದಳು. ಚೀಟಿಯಿಲ್ಲ, ದುಡ್ಡಿಲ್ಲ, ಬಟ್ಟೆಯ ಬಣ್ಣವೇ ವಿಳಾಸ. ನಾನು ನಿಲ್ದಾಣದಲ್ಲಿ ಕಾದು ಡಬ್ಬಿ ಇಳಿಸಿಕೊಂಡು, ಹಿಂದಿನ ದಿನದ ಬರಿದಾದ ಡಬ್ಬಿಯನ್ನು ಹಿಂದಿರುಗುವ ಬಸ್ಸಿಗೆ ಕೊಡಬೇಕು. ಒಂದು ದಿನ ಪರೀಕ್ಷೆಯ ಗಡಿಬಿಡಿಯಲ್ಲಿ ಹತ್ತು ನಿಮಿಷ ತಡವಾಯಿತು. ಬುತ್ತಿ ಹುಬ್ಬಳ್ಳಿಗೆ ಹೋಯಿತು. ಸಂಜೆ ಅದೇ ಬಸ್ಸು ಮರಳಿದಾಗ ಕಂಡಕ್ಟರು ಡಬ್ಬಿಯನ್ನು ನನ್ನ ಕೈಗಿಟ್ಟು, "ತಮ್ಮಾ, ಮುಚ್ಚಳಾ ಸೈತ ತಗದಿಲ್ಲಪಾ. ನಿಮ್ಮವ್ವಗ ಏನೂ ಹೇಳಬ್ಯಾಡ," ಎಂದರು. ಅವ್ವನಿಗೆ ನಾನು ಹೇಳಲೇ ಇಲ್ಲ.

ಧಾರವಾಡ, ಗದಗಗಳಂಥ ಊರುಗಳಲ್ಲಿ ಓದುವ ಹುಡುಗರಿಗೆ ಹಳ್ಳಿಯ ಬಸ್ಸಿನಲ್ಲಿ ಬುತ್ತಿ ಬರುವ ಈ ರೂಢಿಯನ್ನು ಉತ್ತರ ಕರ್ನಾಟಕದವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಹೊರಗಿನವರಿಗೆ ಮಾತ್ರ ಮುಂಬಯಿಯ ಡಬ್ಬಾವಾಲಾಗಳ ಹೋಲಿಕೆ ಕೊಡಬೇಕಾಗುತ್ತದೆ. 1890ರಲ್ಲಿ ಆರಂಭವಾಯಿತೆಂದು ಹೇಳಲಾಗುವ ಆ ವ್ಯವಸ್ಥೆಯಲ್ಲೂ ದೂರದ ದಾರಿಯನ್ನು ಲೋಕಲ್ ರೈಲು ನೋಡಿಕೊಳ್ಳುತ್ತದೆ. ರೈಲಿನ ಎರಡು ತುದಿಗಳನ್ನು ಸೈಕಲ್ಲು, ಕೈಗಾಡಿ, ತಲೆಹೊರೆಗಳು ನೋಡಿಕೊಳ್ಳುತ್ತವೆ. ಎರಡು ಕಡೆಯೂ ತತ್ವವೊಂದೇ. ಹೇಗಿದ್ದರೂ ಹೋಗುತ್ತಿರುವ ದೊಡ್ಡ ಗಾಡಿಯ ಮೂಲೆಯಲ್ಲಿ ಚಿಕ್ಕ ಹೊರೆಗೆ ಎಡೆ ಮಾಡಿಕೊಡುವುದು. ತುದಿಯ ದಾರಿಗೆ ಮಾತ್ರ ಚಿಕ್ಕ ಗಾಡಿ. ನಮ್ಮ ನಾಲ್ಕು ಊರುಗಳಿಗೆ ಇದು ತೀರ ಅಗತ್ಯವಾದ ತತ್ವ. ಗದಗಕ್ಕೆ ರೈಲುಂಟು, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಿಗೆ ಬಸ್ಸೇ ಗತಿ. ಲಕ್ಷ್ಮೇಶ್ವರ ಗದಗದಿಂದ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. ಮುಂಡರಗಿಯೂ ಅಷ್ಟರ ಆಸುಪಾಸಿನಲ್ಲೇ ಇದೆ. ಐದು ಕಿಲೋ ಬೆಣ್ಣೆಗಾಗಿ ಇಷ್ಟು ದೂರ ಒಂದು ಗಾಡಿಯನ್ನು ಹೊರಡಿಸುವುದು ಮೂಢತನ. ಬಸ್ಸಿನಲ್ಲಿ ಒಂದು ಬುಟ್ಟಿಗೆ ಜಾಗ ಕೊಡುವುದು ವಿವೇಕ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಬುಟ್ಟಿ ಹಿಡಿದು ಸಂತೆಗೆ ಬರುವ ತಾಯಿಗೆ ಟಿಕೆಟ್ಟಿನ ರೊಕ್ಕ ಉಳಿದರೆ ಅದೇ ಅವಳ ದಿನದ ಲಾಭ.

ಎಂಜಿನ್ನಿನ ಚಿಕ್ಕ ಗಾಡಿಗಳು ಬಂದುದು ಆ ಮೇಲೆ. ಲೂನಾ ಬಂತು, ಹಾಲಿನವನ ಮೊಣಕಾಲು ಉಳಿಯಿತು. ಮೂರು ಗಾಲಿಯ ಟಂಟಂ ಬಂತು. ಹಳ್ಳಿಯ ದಾರಿಗಳಲ್ಲಿ ಜನವನ್ನೂ ಕಾಯಿಪಲ್ಲೆಯನ್ನೂ ಒಟ್ಟಿಗೆ ತುಂಬಿಕೊಂಡು ಓಡಾಡಿತು. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಲಾರಿ ಬಂದಾಗ ಜನ ಅದಕ್ಕೆ ಛೋಟಾ ಹಾಥಿಯೆಂದು ಹೆಸರಿಟ್ಟರು. ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಯ ರೈತ ಇಬ್ಬರು ನೆರೆಯವರೊಡನೆ ಕೂಡಿ ಹತ್ತು ಚೀಲ ಉಳ್ಳಾಗಡ್ಡಿಯನ್ನು ತಾನೇ ಮಾರುಕಟ್ಟೆಗೆ ತರುವುದು ಇದರಿಂದ ಸಾಧ್ಯವಾಯಿತು. ದಲಾಲನ ಲಾರಿಗೆ ಕಾಯುವುದು ತಪ್ಪಿತು. ಇದು ಸಣ್ಣ ಉಪಕಾರವಲ್ಲ. ಆದರೆ ಅದೇ ಗಾಡಿ ಓಣಿಯೊಳಕ್ಕೆ ನುಗ್ಗಿ, ಧ್ವನಿವರ್ಧಕದಲ್ಲಿ ಒಂದೇ ಮಾತನ್ನು ನೂರು ಸಲ ಕೂಗಿಸುತ್ತ, ಮನೆಮನೆಯ ಮುಂದೆ ನಿಂತು ಎಂಜಿನ್ ಉರಿಸುತ್ತ ಟೊಮೆಟೋ ಮಾರುವುದನ್ನು ಕಂಡಾಗ, ಸೊಳ್ಳೆಯ ಮೇಲೆ ಕೊಡಲಿ ಎತ್ತಿದಂತೆ ತೋರುತ್ತದೆ. ನಿಂತು ನಿಂತು ಹೋಗುವ ಗಾಡಿಯಲ್ಲಿ ಡೀಸೆಲ್ಲಿನ ದೊಡ್ಡ ಪಾಲು ನಿಲ್ಲುವುದಕ್ಕೂ ಮತ್ತೆ ಹೊರಡುವುದಕ್ಕೂ ವ್ಯಯವಾಗುತ್ತದೆ.

ಈ ನಿಂತು ಹೋಗುವ ದಾರಿಗೇ ವಿದ್ಯುತ್ತಿನ ಚಿಕ್ಕ ಗಾಡಿ ಹೇಳಿಮಾಡಿಸಿದ್ದು. ಅದು ನಿಂತಾಗ ಏನನ್ನೂ ಉರಿಸುವುದಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. 2014ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇ-ಕಾರ್ಟ್ ಎಂಬ ವರ್ಗವನ್ನೇ ಹೊಸದಾಗಿ ಸೇರಿಸಿದರು: 310 ಕಿಲೋಗ್ರಾಂವರೆಗೆ ಸರಕು, ಗಂಟೆಗೆ 25 ಕಿಲೋಮೀಟರಿಗೆ ಮೀರದ ವೇಗ. ಇದನ್ನು ತಳ್ಳುಗಾಡಿಯ ಹಿರಿಯ ಮಗಳೆನ್ನಬಹುದು. ಇದಕ್ಕಿಂತ ದೊಡ್ಡ ಸರಕಿನ ವಿದ್ಯುತ್ ತ್ರಿಚಕ್ರಗಳು ಐದು ಕ್ವಿಂಟಲಿನಷ್ಟು ಭಾರವನ್ನು ಒಯ್ಯುತ್ತವೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಹತ್ತು ಕಿಲೋಮೀಟರ್ ಹೋಗುತ್ತವೆ. ಡೀಸೆಲ್ಲಿನ ತ್ರಿಚಕ್ರಕ್ಕೆ ಹೋಲಿಸಿದರೆ ಓಡಿಸುವ ಖರ್ಚು ಮೂರರಲ್ಲೊಂದು ಪಾಲಿಗೂ ಕಡಿಮೆ. ಆದರೆ ಒಮ್ಮೆ ತುಂಬಿದ ಬ್ಯಾಟರಿ ಭಾರ ಹೊತ್ತು ಎಂಬತ್ತು, ನೂರು ಕಿಲೋಮೀಟರಿಗೆ ಬರಿದಾಗುತ್ತದೆ. ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗಿ ಬಂದರೆ ಅದರ ದಿನ ಅಲ್ಲಿಗೆ ಮುಗಿಯಿತು. ಊರೊಳಗೆ ಓಣಿ ಓಣಿ ತಿರುಗಿದರೆ ಇಡೀ ದಿನ ದುಡಿದು, ರಾತ್ರಿ ಮನೆಯ ಗೋಡೆಗೆ ತಂತಿ ಚುಚ್ಚಿಕೊಂಡು ಮಲಗಬಹುದು. ಎಂದರೆ ಈ ಗಾಡಿಯ ಜಾಗ ಊರಿನ ಒಳಗೆ. ಊರೂರ ನಡುವಿನ ಕೆಲಸ ಬಸ್ಸಿನದೇ. ಬ್ಯಾಟರಿಗೂ ಮುಪ್ಪುಂಟೆಂಬುದನ್ನು ಮರೆಯಬಾರದು. ಅಗ್ಗದ ಸೀಸದ ಬ್ಯಾಟರಿ ಒಂದೆರಡು ವರ್ಷಕ್ಕೆ ಸೋಲುತ್ತದೆ; ಲಿಥಿಯಂ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಗಾಡಿ ಕೊಳ್ಳುವಾಗ ಈ ಎರಡನೆಯ ಬೆಲೆಯನ್ನು ಹೇಳದವನು ಅರ್ಧ ಸತ್ಯವನ್ನೇ ಹೇಳಿದವನು.

ಚಿಕ್ಕ ಗಾಡಿಯೆಂದರೆ ಬಡ ದೇಶದ ಲಕ್ಷಣವೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಡೆನ್ಮಾರ್ಕ್ ಬಡ ದೇಶವಲ್ಲ. ಅದರ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಸರಕಿನ ಸೈಕಲ್ಲುಗಳು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬ್ರೆಡ್ಡನ್ನೂ ಮಾಂಸವನ್ನೂ ಮನೆಮನೆಗೆ ಮುಟ್ಟಿಸುತ್ತಿದ್ದವು. ಮೋಟಾರು ಬಂದ ಮೇಲೆ ಮರೆಯಾದವು. 1980ರ ದಶಕದಿಂದೀಚೆಗೆ ಮರಳಿ ಬಂದವು. ಮುಂದೆ ಪೆಟ್ಟಿಗೆ ಹೊತ್ತ ಮೂರು ಗಾಲಿಯ ಸೈಕಲ್ಲಿನಲ್ಲಿ ಮಕ್ಕಳನ್ನೂ ಕಾಯಿಪಲ್ಲೆಯನ್ನೂ ಕೂರಿಸಿಕೊಂಡು ಹೋಗುವುದು ಅಲ್ಲಿಯ ಸುಶಿಕ್ಷಿತರ ಜೀವನಕ್ರಮವಾಗಿದೆ. ಅವರು ಹೋಗಿ ಮರಳಿ ಬಂದ ದಾರಿಯಲ್ಲಿ ನಾವು ಈಗ ಹೋಗುತ್ತಿದ್ದೇವೆ.

ಇಲ್ಲಿಯ ತನಕ ಗಾಡಿಯ ಮಾತಾಯಿತು. ಗಾಡಿ ಯಾರದು ಎಂಬುದು ಉಳಿಯಿತು. ನಮ್ಮ ಓಣಿಗೆ ಬಹಳ ವರ್ಷಗಳಿಂದ ಕಾಯಿಪಲ್ಲೆ ತರುವ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡ ತೀರಿಕೊಂಡ ಮೇಲೆ ಅವನ ಕಸುಬನ್ನು ತಾನು ಹಿಡಿದವಳು. ಒಂದು ಬೆಳಗ್ಗೆ ಅವಳ ಗಾಡಿಯ ಗಾಲಿ ವಾಲಿದ್ದನ್ನು ಕಂಡು, "ತಂಗಿ, ಇದನ್ನ ರಿಪೇರಿ ಮಾಡಸಬಾರದೇನ?" ಎಂದೆ. "ಗಾಡಿ ನಂದಲ್ರೀ ಸರ, ಬಾಡಿಗೀದು. ನಾ ಯಾಕ ಮಾಡಸ್ಲಿ? ಗಾಡಿಯವರ ಯಾಕ ಮಾಡಸ್ತಾರ?" ಎಂದಳು. ಅವಳ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹನ್ನೊಂದು ವರ್ಷಗಳಿಂದ ಅದೇ ಗಾಡಿಯನ್ನು ದಿನದ ಬಾಡಿಗೆಗೆ ನೂಕುತ್ತಿದ್ದಾಳೆಂದು ಆಗ ತಿಳಿಯಿತು. ಲೆಕ್ಕಕ್ಕೆಂದು ದಿನಕ್ಕೆ 40 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 300 ದಿನ. 12,000 ರೂಪಾಯಿಯಾಯಿತು. ಹನ್ನೊಂದು ವರ್ಷಕ್ಕೆ 1,32,000. ಆ ರೊಕ್ಕದಲ್ಲಿ ಅಂಥ ಗಾಡಿ ಎಷ್ಟು ಬರುತ್ತಿದ್ದವೆಂಬುದನ್ನು ನೀವೇ ಎಣಿಸಿಕೊಳ್ಳಿ. ಅವಳ ಬಳಿ ಒಂದೂ ಇಲ್ಲ. ಮಳೆ ಬಂದು ವ್ಯಾಪಾರವಾಗದ ದಿನವೂ ಬಾಡಿಗೆ ನಿಲ್ಲದು. ಅವಳು ದಿನವೂ ನಮ್ಮ ಮನೆಗೆ ಅನ್ನ ತರುತ್ತಾಳೆ. ಸಂಜೆ ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಏಕಚಕ್ರಪುರದ ಬಂಡಿ ನನಗೆ ನೆನಪಾದುದು ಅಂದು.

ಒಂದೇ ಸಲ ಹತ್ತು ಸಾವಿರ ಕೂಡಿಸಲಾಗದವಳು ದಿನಕ್ಕೆ ನಲವತ್ತರಂತೆ ಲಕ್ಷ ತೆರುತ್ತಾಳೆ. ಬಡತನದ ಲೆಕ್ಕವೇ ಹೀಗೆ. ಈ ಗಂಟನ್ನು ಬಿಚ್ಚುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲೇ ಸಹಕಾರಿ ಸಂಘ ಹುಟ್ಟಿತು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದು ಆಗ ಒಂದೇ ವರ್ಷವಾಗಿತ್ತು. ಬಡ್ಡಿಯ ಬಾಯಿಂದ ರೈತನ ಎತ್ತನ್ನೂ ಬೀಜವನ್ನೂ ಬಿಡಿಸಬೇಕೆಂಬುದು ಅದರ ಆಶಯ. ಎತ್ತಿಗೆ ಸಲ್ಲುವ ನ್ಯಾಯ ತಳ್ಳುಗಾಡಿಗೆ ಸಲ್ಲಬಾರದೇಕೆ? 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದ ಸಾಲದ ಯೋಜನೆಯನ್ನು ತಂದಿತು. ಮೊದಲ ಸಾಲದ ಮಿತಿ ಆಗ 10,000 ರೂಪಾಯಿ. ನನ್ನ ಓಣಿಯ ಹೆಣ್ಣುಮಗಳಿಗೆ ಒಂದು ಗಾಡಿಗೆ ಅಷ್ಟು ಸಾಕಿತ್ತು. ಸಾಲದ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಕಾಗದಪತ್ರಕ್ಕಾಗಿ ಎರಡು ದಿನ ವ್ಯಾಪಾರ ಬಿಡಬೇಕಾಗುತ್ತದೆಂದು ಅವಳು ಹೋಗಿರಲಿಲ್ಲ.

ವಿದ್ಯುತ್ತಿನ ಗಾಡಿ ಬಂದಾಗ ಈ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ, ಏಕೆಂದರೆ ಅದರ ಬೆಲೆ ತಳ್ಳುಗಾಡಿಯ ಹತ್ತಾರು ಪಟ್ಟು. ಹಣವುಳ್ಳವನು ಇಪ್ಪತ್ತು ಗಾಡಿ ಕೊಂಡು ದಿನಬಾಡಿಗೆಗೆ ಬಿಟ್ಟರೆ ಹೊಗೆ ಮಾತ್ರ ಹೋಯಿತು, ಬಾಡಿಗೆ ಉಳಿಯಿತು. ಮಹಾನಗರಗಳಲ್ಲಿ ಇದರ ಇನ್ನೊಂದು ರೂಪವಿದೆ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಿಗ್ಗಿಯಂಥ ಸಂಸ್ಥೆಗಳು ಊಟವನ್ನು ಮೊಬೈಲಿನ ಕರೆಗೆ ಮನೆಬಾಗಿಲಿಗೆ ಮುಟ್ಟಿಸುತ್ತವೆ. ಅಲ್ಲಿ ಗಾಡಿ ಹುಡುಗನದೇ. ಪೆಟ್ರೋಲು, ರಿಪೇರಿ, ಬಿದ್ದರೆ ಮುರಿಯುವ ಕೈ ಎಲ್ಲವೂ ಅವನದೇ. ಆದರೆ ಯಾವ ದಾರಿ, ಎಷ್ಟು ಹೊತ್ತು, ಎಷ್ಟು ಕೂಲಿ ಎಂಬುದನ್ನು ಗೊತ್ತುಮಾಡುವುದು ಅವನಲ್ಲ. ಒಡೆತನದ ಭಾರ ಇದೆ, ಒಡೆತನದ ಅಧಿಕಾರ ಇಲ್ಲ. ಈ ಹುಡುಗರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆಯನ್ನು ಮಾಡಿತು. ಅವರಿಗೆ ಸಲ್ಲುವ ಪ್ರತಿ ಸಂದಾಯದ ಮೇಲೆ ನೂರಕ್ಕೆ ಒಂದರಿಂದ ಐದರವರೆಗೆ ಕ್ಷೇಮಶುಲ್ಕವನ್ನು ಸಂಸ್ಥೆಗಳು ತೆರಬೇಕೆಂದು ಅದರಲ್ಲಿದೆ. ನಮ್ಮ ಊರುಗಳಲ್ಲಿ ರೊಟ್ಟಿಯ ಖಾನಾವಳಿಯಾಕೆ, ಅವಳ ಮಗ, ಅವನ ಗಾಡಿ, ಊಟ ತರಿಸಿಕೊಳ್ಳುವ ಮೇಷ್ಟ್ರು, ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. ಈ ಬಳಕೆ ಅಳಿಯುವ ಮೊದಲೇ ಹತ್ತು ಖಾನಾವಳಿಗಳು ಕೂಡಿ ಎರಡು ಗಾಡಿಗಳನ್ನು ತಮ್ಮದಾಗಿ ಇಟ್ಟುಕೊಳ್ಳಬಾರದೇಕೆ? ಕಣಗಿನಹಾಳದ ಪಾಠ ಇದಕ್ಕಿಂತ ಕಷ್ಟದ್ದಾಗಿತ್ತು.

ಗಾಡಿ ಸ್ವಂತದ್ದಾದರೆ ಸಾಲದು, ನಿಲ್ಲಲು ನೆಲ ಬೇಕು. ರಸ್ತೆ ಅಗಲ ಮಾಡುವಾಗ, ದೊಡ್ಡವರು ಬರುವಾಗ, ಮೊದಲು ಎತ್ತಿಸುವುದು ತಳ್ಳುಗಾಡಿಯನ್ನು. 1989ರಲ್ಲೇ ಸುಪ್ರೀಂ ಕೋರ್ಟು ಬೀದಿಯ ವ್ಯಾಪಾರವೂ ಸಂವಿಧಾನ ಮನ್ನಿಸಿದ ವೃತ್ತಿಸ್ವಾತಂತ್ರ್ಯಕ್ಕೆ ಒಳಪಟ್ಟದ್ದೆಂದು, ಸೂಕ್ತ ನಿರ್ಬಂಧಗಳಿಗೆ ಅಧೀನವಾಗಿ, ಹೇಳಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಊರಿಗೊಂದು ವ್ಯಾಪಾರ ಸಮಿತಿ ಇರಬೇಕೆಂದು, ಅದರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕೆಂದು, ಆ ವ್ಯಾಪಾರಿ ಸದಸ್ಯರಲ್ಲಿ ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿರಬೇಕೆಂದು ವಿಧಿಸಿತು. ಊರಿನ ಜನಸಂಖ್ಯೆಯ ನೂರಕ್ಕೆ ಎರಡೂವರೆಯಷ್ಟು ವ್ಯಾಪಾರಿಗಳಿಗೆ ಎಡೆ ಕಲ್ಪಿಸಬಹುದೆಂಬುದು ಅದರ ಅಳತೆ. 2011ರ ಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 1,72,000ವನ್ನು ಮೀರಿತ್ತು. ಅದಕ್ಕೆ ಲೆಕ್ಕ ಹಾಕಿದರೆ 4,300 ಮಂದಿಯಾದರು. ಅಷ್ಟು ಜನ ಕಾನೂನಿನ ಕಣ್ಣಿನಲ್ಲಿ ಊರಿಗೆ ಅಡ್ಡಿಯಲ್ಲ, ಊರಿನ ಅಂಗ. 2020ರ ಬೇಸಗೆಯಲ್ಲಿ ಸಂತೆಗಳು ನಿಂತು, ನಾವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಓಣಿಗೆ ಬಂದದ್ದು ಇದೇ ಗಾಡಿ. ಮುಖಕ್ಕೆ ಸೆರಗು ಕಟ್ಟಿಕೊಂಡು ಆ ಹೆಣ್ಣುಮಗಳು ಕೂಗಿದಾಗ ನಾವು ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಸಿದೆವು. ಅಂದು ಅವಳಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಯಾರೂ ಇರಲಿಲ್ಲ.

ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳಿಗೆ ಹೇಳಬೇಕಾದ ಮಾತು ದೊಡ್ಡದೇನಲ್ಲ. ಸಂತೆಯ ಹತ್ತಿರ ಗಾಡಿಗಳಿಗೆ ಬಣ್ಣದ ಗೆರೆ ಎಳೆದ ನೆರಳಿನ ಜಾಗ. ಬಸ್ ನಿಲ್ದಾಣದ ಮೂಲೆಯಲ್ಲಿ ಬುತ್ತಿ, ಬುಟ್ಟಿಗಳಿಗೆ ಒಂದು ಕಟ್ಟೆ. ಮಾರುಕಟ್ಟೆಯ ಗೋಡೆಗೆ ಬ್ಯಾಟರಿ ತುಂಬಿಸುವ ನಾಲ್ಕು ಗೂಟ. ಸಾಲದ ಕಾಗದವನ್ನು ಸಂತೆಯ ದಿನ ಸಂತೆಯಲ್ಲೇ ಬರೆದುಕೊಡುವ ಒಬ್ಬ ಗುಮಾಸ್ತ. ಲಕ್ಷ್ಮೇಶ್ವರ ಹಳೆಯ ಪುಲಿಗೆರೆ. ಕನ್ನಡದ ತಿರುಳನ್ನು ಆದಿಕವಿ ಪಂಪ ಅಲ್ಲಿ ಕಂಡನು. ಅಂಥ ಊರಿನ ಸಂತೆಗೆ ಈ ನಾಲ್ಕು ಅನುಕೂಲಗಳು ಹೆಚ್ಚೇನಲ್ಲ. ಕೇಳುಗರಿಗೂ ಒಂದು ಮಾತು. ಗಾಡಿಯವರೊಡನೆ ಎರಡು ರೂಪಾಯಿಗೆ ಚೌಕಾಶಿ ಮಾಡುವ ಮೊದಲು, ಆ ಗಾಡಿ ಅವರದೇ ಏನೆಂದು ಒಮ್ಮೆ ಕೇಳಿ.

ನಾನು ಕೇಳಿದೆ, ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಾಗದಪತ್ರ ಬರೆಯುವುದು ಮೇಷ್ಟ್ರ ಕೈಗೆ ಕಷ್ಟವಲ್ಲ. ಎರಡು ತಿಂಗಳು ಹಿಡಿಯಿತು. ಈಗ ನಮ್ಮ ಓಣಿಗೆ ಹಸಿರು ಬಣ್ಣದ ಹೊಸ ತಳ್ಳುಗಾಡಿ ಬರುತ್ತದೆ. ಮೊನ್ನೆ ಅದರ ಗಾಲಿಗೆ ಎಣ್ಣೆ ಹಾಕುತ್ತಿದ್ದುದನ್ನು ಕಂಡೆ. "ಸರ, ಇದು ಕರಕರ ಅಂದ್ರ ನನ್ನ ಹೊಟ್ಟಿ ಕರಕರ ಅಂದಂಗಾಗತೈತಿ," ಎಂದಳು. ಹನ್ನೊಂದು ವರ್ಷ ಆ ಹಳೆಯ ಗಾಡಿ ಕರಕರ ಎಂದಿದ್ದು ಅವಳಿಗೂ ಕೇಳಿಸಿರಲಿಲ್ಲ, ನಮಗೂ ಕೇಳಿಸಿರಲಿಲ್ಲ.